ಹೇಳದೆ ಕೇಳದೆ ಮಗುವನ್ನು ಬಿಡಿಸಿಕೊಂಡಾಗ

ಕೊಕ್ಕೆಯಲ್ಲಿ ಒಂದು ಪುಟ್ಟ ಹಳದಿ ಚೀಲ ನೇತಾಡುತ್ತಿತ್ತು. ಒಳಗೆ ಒಂದು ಜೊತೆ ಬಟ್ಟೆ, ಒಂಟಿ ಕಾಲುಚೀಲ, ಕಿವಿಯ ಹೊಲಿಗೆ ಬಿಚ್ಚಿದ ಬಟ್ಟೆಯ ಮೊಲ. ಆ ಮೊಲ ಪಕ್ಕದಲ್ಲಿದ್ದರೆ ಮಾತ್ರ ಆ ಮಗು ಮಧ್ಯಾಹ್ನ ಮಲಗುತ್ತಿತ್ತು. ಶುಕ್ರವಾರ ಸಂಜೆ 'ಟಾಟಾ ಆಂಟಿ' ಎಂದು ಕೈ ಬೀಸಿ ಹೋದ ಮಗು ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನ್ ರಿಂಗಾಗಿ ರಿಂಗಾಗಿ ತಾನೇ ನಿಲ್ಲುತ್ತಿತ್ತು. ಮೆಸೇಜ್ ಓದಿದ್ದು ಕಾಣುತ್ತಿತ್ತು, ಉತ್ತರ ಇಲ್ಲ.

ಮನೆಯಲ್ಲಿ ಡೇಕೇರ್ ಶುರು ಮಾಡಿ ಆಗಿನ್ನೂ ಜಾಸ್ತಿ ದಿನ ಆಗಿರಲಿಲ್ಲ. ನನ್ನ ಹತ್ತಿರ ಇದ್ದದ್ದು 6 ಮಕ್ಕಳು. ಒಂದು ಮಗು ಹೋದರೆ ಆದಾಯದ ಆರನೇ ಒಂದು ಭಾಗ ಹೋಯಿತು ಅಂತಲೇ ಅರ್ಥ. ಆದರೆ ಸಹಾಯಕ್ಕೆ ಬರುವವರ ಸಂಬಳ ಅಷ್ಟೇ ಇರುತ್ತದೆ, ಕರೆಂಟ್ ಬಿಲ್ಲೂ ಅಷ್ಟೇ. ಆದರೂ 'ಬರುತ್ತಾರೆ, ಏನೋ ತೊಂದರೆ ಇರಬೇಕು' ಎಂದು 3 ವಾರ ಆ ಸೀಟು ಹಾಗೇ ಇಟ್ಟುಕೊಂಡೆ. ಆ ಮಧ್ಯೆ ಇನ್ನೊಬ್ಬ ತಾಯಿ ಬಂದು ಕೇಳಿದರು. ಜಾಗ ಇಲ್ಲ ಎಂದು ಕಳಿಸಿಬಿಟ್ಟೆ. ಕೊನೆಗೆ ಒಂದೇ ಸಾಲಿನ ಮೆಸೇಜ್ ಬಂತು: 'ಬೇರೆ ಕಡೆ ಸೇರಿಸಿದ್ದೇವೆ.' ಅವತ್ತು ತುಂಬಾ ಅತ್ತೆ. ದುಡ್ಡಿಗಿಂತ ಆ ಮಗು ಹೋದ ರೀತಿಗೆ ಹೊಟ್ಟೆ ಉರಿಯಿತು.

ಆಮೇಲೆ ಕೂತು ಯೋಚಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ಮಗುವಿನ ಮಾತು ಮತ್ತು ಹಣದ ಮಾತು, ಎರಡನ್ನೂ ನಾನು ಒಟ್ಟಿಗೇ ಕಟ್ಟಿಹಾಕಿದ್ದೆ. 'ಪಾಪು ಹುಷಾರಾಗಿದೆಯಾ? ಈ ತಿಂಗಳ ಫೀಸು ಬಾಕಿ ಇದೆ' ಎಂದು ಒಂದೇ ಮೆಸೇಜಿನಲ್ಲಿ ಬರೆದಿದ್ದೆ. ಕೊಡಬೇಕಾದವರಿಗೆ ಅದು ಬಾಕಿ ವಸೂಲಿಯ ಮೆಸೇಜಾಗಿಯೇ ಕಾಣುತ್ತದೆ ಅಲ್ವಾ?

ಹಾಗಾಗಿ ಈಗ ಹಣದ ಮಾತನ್ನೆಲ್ಲ ಮಗು ಸೇರುವ ದಿನವೇ ಮುಗಿಸುತ್ತೇನೆ. ಒಂದು ಹಾಳೆಯ ಒಪ್ಪಂದ, ಅಷ್ಟೇ. ಬಿಡಿಸುವುದಾದರೆ 2 ವಾರ ಮೊದಲು ಬರೆದು ತಿಳಿಸಬೇಕು. ಸೇರುವಾಗಲೇ 2 ವಾರದ ಫೀಸು ಅಡ್ವಾನ್ಸ್ ಕೊಡಬೇಕು. ಹೇಳಿ ಬಿಡಿಸಿದರೆ ಕೊನೆಯ 2 ವಾರಕ್ಕೆ ಅದನ್ನೇ ಹಿಡಿದುಕೊಳ್ಳುತ್ತೇನೆ, ಆಗ ಅವರು ಹೊಸದಾಗಿ ಏನೂ ಕೊಡಬೇಕಾಗಿಲ್ಲ. ಹೇಳದೆ ನಿಲ್ಲಿಸಿದರೆ ಆ ಅಡ್ವಾನ್ಸ್ ಮೊದಲೇ ತಿಳಿಸಬೇಕಾಗಿದ್ದ 2 ವಾರದ ಲೆಕ್ಕಕ್ಕೆ ಹೋಗುತ್ತದೆ. ಫೀಸು ವಾರದ ಮೊದಲ ದಿನವೇ ಬರಬೇಕು, ವಾರ ಮುಗಿದ ಮೇಲೆ ಅಲ್ಲ. ಇನ್ನೊಂದು ಸಾಲು ಸೇರಿಸಿದ್ದೇನೆ: ಸುದ್ದಿ ಇಲ್ಲದೆ ಸತತ 5 ದಿನ ಬರದಿದ್ದರೆ ಸೀಟು ಬಿಟ್ಟುಕೊಟ್ಟಂತೆ. ಇದನ್ನು ಅವರ ಕೈಗೆ ಕೊಟ್ಟು ಸುಮ್ನೆ ಸಹಿ ಹಾಕಿಸುವುದಿಲ್ಲ. ಎದುರು ಕೂತು ನಾನೇ ಓದಿ ಹೇಳುತ್ತೇನೆ. ಮೊದಮೊದಲು ಇಷ್ಟು ಕಟ್ಟುನಿಟ್ಟು ಮಾತಾಡಲು ಸಂಕೋಚವಾಗುತ್ತಿತ್ತು. ಆದರೆ ಹಾಗೆ ಮಾತಾಡಿದ ಮೇಲೆ ಯಾರೂ ಮುಖ ತಿರುಗಿಸಿಕೊಂಡು ಹೋಗಿಲ್ಲ.

ಇನ್ನು ಮಗು ಬರದ ಮೊದಲ ದಿನ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಎಷ್ಟೋ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬರುವ ಹೊತ್ತು ಮೀರಿ ಅರ್ಧ ಗಂಟೆ ಆಗುವುದರೊಳಗೆ ನಾನು ಫೋನ್ ಮಾಡುತ್ತೇನೆ. ತಾಯಿ ಎತ್ತದಿದ್ದರೆ ತಂದೆಗೆ, ಅವರೂ ಎತ್ತದಿದ್ದರೆ ತುರ್ತಿಗೆಂದು ಕೊಟ್ಟಿರುವ ಮೂರನೇ ನಂಬರಿಗೆ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗುವನ್ನು ಡೇಕೇರಿಗೆ ಬಿಟ್ಟೆ ಎಂದುಕೊಂಡು ನೇರ ಕೆಲಸಕ್ಕೆ ಹೋದ ಅಪ್ಪ ಅಮ್ಮಂದಿರು ಇದ್ದಾರೆ. ಅವರು ಪ್ರೀತಿ ಇಲ್ಲದವರಲ್ಲ. ನಿದ್ದೆಗೆಟ್ಟ ದಿನ, ದಿನಾ ಹೋಗುವ ದಾರಿ ಬದಲಾದ ದಿನ ಯಾರ ತಲೆಯೂ ಹೀಗೆ ಕೈಕೊಡಬಹುದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಸ್ವಲ್ಪ ಹೊತ್ತಿಗೇ ಮಗುವಿನ ಜೀವಕ್ಕೆ ಅಪಾಯ. ಅದಕ್ಕೇ ಆ ಫೋನ್ ತಪ್ಪಿಸುವುದಿಲ್ಲ. ಅದರಲ್ಲಿ ಕೇಳುವುದು ಒಂದೇ ಪ್ರಶ್ನೆ: 'ಮಗು ನಿಮ್ಮ ಜೊತೆ ಇದೆಯಾ?' ಫೀಸಿನ ಮಾತು ಅಲ್ಲಿ ಬರಲೇ ಬಾರದು.

ಮಗು ಸುರಕ್ಷಿತ ಎಂದು ಗೊತ್ತಾದ ಮೇಲೂ ಬರದಿದ್ದರೆ ಮೂರನೇ ದಿನ ಒಂದು ಮೆಸೇಜ್: 'ಎಲ್ಲ ಚೆನ್ನಾಗಿದೆ ಎಂದುಕೊಂಡಿದ್ದೇನೆ. ಮುಂದುವರಿಸುತ್ತೀರಾ ಇಲ್ಲವಾ, ಯಾವುದಾದರೂ ಸರಿ, ತಿಳಿಸಿ.' ಐದನೇ ದಿನ ತಾರೀಖು ಹಾಕಿದ ಪತ್ರ. ಸೀಟು ಯಾವತ್ತಿನಿಂದ ಖಾಲಿ, ಅಡ್ವಾನ್ಸ್ ಯಾವ ಲೆಕ್ಕಕ್ಕೆ ಹೋಯಿತು, ಬಾಕಿ ಎಷ್ಟು. ನಾಲ್ಕು ಸಾಲು ಸಾಕು. ಬೈಗುಳ, ಹಳೆಯ ಉಪಕಾರದ ಪಟ್ಟಿ ಯಾವುದೂ ಬೇಡ. ಹಾಜರಿ ಪುಸ್ತಕ, ರಸೀದಿ, ಪತ್ರದ ನಕಲು ಒಂದು ಫೈಲಿನಲ್ಲಿ. ಮರುದಿನವೇ ಕಾಯುತ್ತಿರುವವರಿಗೆ ಫೋನ್. ಉಳಿದ ತಂದೆ ತಾಯಂದಿರು 'ಅವರೇನು ಬಿಟ್ಟರಾ?' ಎಂದು ಬಾಗಿಲಲ್ಲಿ ಕೇಳಿದರೆ 'ಈಗ ಬರ್ತಾ ಇಲ್ಲ' ಎಂದಷ್ಟೇ ಹೇಳುತ್ತೇನೆ.

ಸುಮ್ಮನಾದವರೆಲ್ಲ ಮೋಸ ಮಾಡುವವರಲ್ಲ. ಒಬ್ಬ ತಂದೆ ಹೀಗೆ ಮಾಯವಾಗಿದ್ದರು. ಅವರಿಗೆ ಕೆಲಸ ಹೋಗಿತ್ತು, 2 ವಾರದ ಫೀಸು ಬಾಕಿ ಇತ್ತು. ನಾಚಿಕೆಯಿಂದ ಫೋನ್ ಎತ್ತಿರಲಿಲ್ಲ. 'ಮೇಡಂ, ಯಾವ ಮುಖ ಇಟ್ಟುಕೊಂಡು ಬರಲಿ?' ಎಂದರು. ಕಂತಿನಲ್ಲಿ ಕೊಡಿ ಎಂದೆ, ಕೊಟ್ಟರು. ಮೊದಲೇ ಗಮನಿಸಿದ್ದರೆ ಗೊತ್ತಾಗುತ್ತಿತ್ತು. ಫೀಸು ಒಂದೆರಡು ದಿನ ತಡವಾಗಲು ಶುರುವಾಗಿತ್ತು. ಮಗುವನ್ನು ಕರೆದೊಯ್ಯುವಾಗ ನಿಂತು ಮಾತಾಡುತ್ತಿದ್ದವರು ಗೇಟಿನಿಂದಲೇ ಕರೆಯುತ್ತಿದ್ದರು. ಈಗ ಅಂಥದ್ದು ಕಂಡರೆ ನಾನೇ ಪಕ್ಕಕ್ಕೆ ಕರೆದು ಕೇಳುತ್ತೇನೆ.

ಉಳಿದ ಮಕ್ಕಳಿಗೂ ಏನಾದರೂ ಹೇಳಲೇಬೇಕು. 'ಅವಳು ನಾಳೆ ಬರ್ತಾಳಾ?' ಎಂದು ಒಬ್ಬ ಹುಡುಗ ದಿನಾ ಆ ಹಳದಿ ಚೀಲದ ಮಗುವಿನ ಚಾಪೆಯ ಜಾಗ ತೋರಿಸಿ ಕೇಳುತ್ತಿದ್ದ. ಬರ್ತಾಳೆ ಎಂದು ಸುಳ್ಳು ಹೇಳಲಿಲ್ಲ. 'ಇನ್ನು ಮೇಲೆ ಇಲ್ಲಿಗೆ ಬರಲ್ಲ ಕಂದ, ಅವರ ಅಮ್ಮನ ಜೊತೆ ಚೆನ್ನಾಗಿದ್ದಾಳೆ' ಎಂದೆ. ಅವನು ಒಂದು ಚಿತ್ರ ಗೀಚಿ ನನ್ನ ಕೈಗೆ ಕೊಟ್ಟ.

ಆ ಚಿತ್ರವನ್ನು ಹಳದಿ ಚೀಲದೊಳಗೆ ಇಟ್ಟೆ. ಮೊಲದ ಕಿವಿಯನ್ನೂ ಹೊಲಿದೆ. ತಾಯಿಗೆ ಇನ್ನೊಂದು ಮೆಸೇಜ್ ಕಳಿಸಿದೆ: 'ಪಾಪುವಿನ ಮೊಲ ನನ್ನ ಹತ್ತಿರ ಇದೆ. ನಿದ್ದೆಗೆ ಬೇಕಾಗುತ್ತೆ ಅಲ್ವಾ? ಯಾವಾಗ ಬೇಕಾದರೂ ಬಂದು ತಗೊಳ್ಳಿ.' ಹಣದ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಸಂಜೆ ತಾಯಿ ಮಗುವನ್ನು ಕರೆದುಕೊಂಡೇ ಬಂದರು. ಮಕ್ಕಳೆಲ್ಲ ಬಾಗಿಲಿಗೆ ಓಡಿ ಬಂದು ಅವಳಿಗೆ ಟಾಟಾ ಮಾಡಿದರು.