ಮಳೆ ಸದ್ದಿಗೆ ಲ್ಯಾಪ್‌ಟಾಪ್ ಕೇಳಿಸುತ್ತಿಲ್ವಾ? ಬೂಸ್ಟರ್ ಹಾಕುವ ಮೊದಲು ಬಾಸ್ ಇಳಿಸಿ

ಜೂನ್ ಶುರುವಾದರೆ ಸಾಕು, ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದಲ್ಲೂ ಒಂದೇ ತಕರಾರು. ಶೀಟಿನ ಮೇಲೆ ಮಳೆ ಹೊಡೆಯುತ್ತದೆ, ಲ್ಯಾಪ್‌ಟಾಪಿನಲ್ಲಿ ಏನು ಹಾಕಿದರೂ ಕೇಳುವುದಿಲ್ಲ. ವಾಲ್ಯೂಮ್ 100 ಇದ್ದರೂ ಯಕ್ಷಗಾನದ ಭಾಗವತರು ಪಕ್ಕದ ಮನೆ ಅಟ್ಟದ ಮೇಲೆ ಕೂತು ಪದ್ಯ ಹೇಳಿದ ಹಾಗಿರುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ, ಯಾವುದೋ ವಾಲ್ಯೂಮ್ ಬೂಸ್ಟರ್ ಹುಡುಕಿ ಹಾಕಿಕೊಳ್ಳುವುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ, ಬೇಕಾಗಲಿಕ್ಕೂ ಇಲ್ಲ.

ಮೊದಲು ಒಂದು ಹೆಡ್‌ಫೋನ್ ಹಾಕಿ ಅದೇ ವಿಡಿಯೋ ಕೇಳಿ. ಅದರಲ್ಲೂ ಸಣ್ಣಗೆ ಕೇಳಿದರೆ ತಪ್ಪು ಸ್ಪೀಕರಿನದಲ್ಲ, ಸೆಟ್ಟಿಂಗಿನದು ಅಥವಾ ವಿಡಿಯೋದ್ದೇ. ಮೊಬೈಲಿನಲ್ಲಿ ದೂರದಿಂದ ಹಿಡಿದ ಯಕ್ಷಗಾನದ ಆಟದ ವಿಡಿಯೋಗಳಲ್ಲಿ ಇದು ಮಾಮೂಲಿ. ಯೂಟ್ಯೂಬ್ ಜೋರಾಗಿರುವ ವಿಡಿಯೋವನ್ನು ತಾನೇ ತಗ್ಗಿಸುತ್ತದೆ, ಆದರೆ ಸಣ್ಣಗಿರುವುದನ್ನು ಅದೇ ರೀತಿ ಏರಿಸುವುದಿಲ್ಲ. ಗಿಯರ್ ಮೆನುವಿನಲ್ಲಿ ಸ್ಟೇಬಲ್ ವಾಲ್ಯೂಮ್ ಅಂತ ಇದ್ದರೆ ಆನ್ ಮಾಡಿ ನೋಡಿ. ಒಂದೇ ಕಡೆಯ ಸ್ಪೀಕರಿನಲ್ಲಿ ಕೇಳುತ್ತಿದ್ದರೆ ರೆಕಾರ್ಡಿಂಗೇ ಹಾಗಿರಬಹುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ ಮೋನೋ ಆಡಿಯೋ ಆನ್ ಮಾಡಿದರೆ ಎರಡೂ ಕಡೆ ಬರುತ್ತದೆ.

ಹೆಡ್‌ಫೋನಿನಲ್ಲಿ ಚೆನ್ನಾಗಿದ್ದು ಸ್ಪೀಕರಿನಲ್ಲಿ ಮಾತ್ರ ಸಣ್ಣಗಿದ್ದರೆ ಲ್ಯಾಪ್‌ಟಾಪ್ ಎಲ್ಲಿಟ್ಟಿದ್ದೀರಿ ನೋಡಿ. ಬಹಳಷ್ಟು ಮಾಡೆಲ್‌ಗಳಲ್ಲಿ ಸ್ಪೀಕರ್ ಇರುವುದು ಅಡಿಯಲ್ಲಿ. ಕಂಬಳಿ, ಹಾಸಿಗೆ, ತೊಡೆ ಮೇಲಿಟ್ಟರೆ ಸದ್ದನ್ನು ಅದೇ ನುಂಗುತ್ತದೆ. ಊಟದ ಮಣೆ ಇದೆಯಲ್ಲ ಮನೆಯಲ್ಲಿ, ಅದರ ಮೇಲಿಡಿ. ಗಟ್ಟಿ ಮರಕ್ಕೆ ಬಡಿದು ಸದ್ದು ನಿಮ್ಮ ಕಡೆಗೇ ತಿರುಗುತ್ತದೆ. ಖರ್ಚಿಲ್ಲದ ರಿಪೇರಿ ಇದು, ಇಷ್ಟಕ್ಕೇ ಎಷ್ಟೋ ಜನರ ಸಮಸ್ಯೆ ಮುಗಿಯುತ್ತದೆ.

ಇನ್ನು ವಿಂಡೋಸ್ ಒಳಗೆ. ಸೌಂಡ್ ಪುಟದಲ್ಲೇ ವಾಲ್ಯೂಮ್ ಮಿಕ್ಸರ್ ತೆಗೆದು ಬ್ರೌಸರ್ ಒಂದೇ ಕೆಳಗೆ ಇಳಿದಿದೆಯಾ ನೋಡಿ. ಆಮೇಲೆ ಕೆಳಗಿರುವ ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿ, ಕಮ್ಯುನಿಕೇಶನ್ಸ್ ಟ್ಯಾಬಿಗೆ ಹೋಗಿ. ಅಲ್ಲಿ ಕಾಲ್ ಬಂದಾಗ ಬೇರೆ ಸದ್ದನ್ನು 80% ಕಡಿಮೆ ಮಾಡು ಅಂತ ಮೊದಲೇ ಟಿಕ್ ಆಗಿರುತ್ತದೆ. ಬೆಂಗಳೂರಿನ ಮಕ್ಕಳ ಜೊತೆ ವಿಡಿಯೋ ಕಾಲ್‌ನಲ್ಲಿರುವಾಗ ಉಳಿದದ್ದೆಲ್ಲ ಪಿಸುಗುಟ್ಟುವುದು ಇದರಿಂದ. ಡೂ ನಥಿಂಗ್ ಆರಿಸಿ. ಪ್ಲೇಬ್ಯಾಕ್ ಟ್ಯಾಬಿನಲ್ಲಿ ಸ್ಪೀಕರ್ಸ್ ಮೇಲೆ ಎರಡು ಸಲ ಒತ್ತಿದರೆ ಎನ್‌ಹಾನ್ಸ್‌ಮೆಂಟ್ಸ್ ಸಿಗುತ್ತದೆ, ಅದರಲ್ಲಿ ಲೌಡ್‌ನೆಸ್ ಈಕ್ವಲೈಸೇಶನ್ ಇದ್ದರೆ ಟಿಕ್ ಮಾಡಿ. ಸಣ್ಣ ಸದ್ದನ್ನು ಎತ್ತಿ ದೊಡ್ಡದರ ಹತ್ತಿರ ತರುತ್ತದೆ. ಮಾತಿಗೆ, ತಾಳಮದ್ದಲೆಗೆ ಇದು ತುಂಬ ಒಳ್ಳೆಯದು. ಸಂಗೀತಕ್ಕೆ ನನಗಂತೂ ಹಿಡಿಸುವುದಿಲ್ಲ, ಏರಿಳಿತವೇ ಹೋಗಿಬಿಡುತ್ತದೆ. ಎಲ್ಲ ಡ್ರೈವರ್‌ಗಳಲ್ಲೂ ಈ ಆಯ್ಕೆ ಇರುವುದಿಲ್ಲ (ಡ್ರೈವರ್ ಅಂದರೆ ಸ್ಪೀಕರನ್ನು ವಿಂಡೋಸಿಗೆ ಜೋಡಿಸುವ ತಂತ್ರಾಂಶ).

ಡ್ರೈವರ್ ಅಂದೆನಲ್ಲ, ಪೇಟೆಯಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು ಬಂದ ಮೇಲೆ ಸದ್ದು ಸಪ್ಪೆಯಾಗಿದ್ದರೆ ಕಾರಣ ಹೆಚ್ಚಾಗಿ ಅದೇ. ಆ ಸಣ್ಣ ಸ್ಪೀಕರಿಗೆ ಹೊಂದುವ ಟ್ಯೂನಿಂಗನ್ನು ಕಂಪನಿಯವರು ತಮ್ಮ ಆಡಿಯೋ ಡ್ರೈವರಿನ ಜೊತೆ ಕೊಟ್ಟಿರುತ್ತಾರೆ, ಮೈಕ್ರೋಸಾಫ್ಟಿನ ಸಾಮಾನ್ಯ ಡ್ರೈವರಿನಲ್ಲಿ ಅದು ಇರುವುದಿಲ್ಲ. ಲ್ಯಾಪ್‌ಟಾಪಿನ ಕೆಳಗೆ ಮಾಡೆಲ್ ನಂಬರ್ ಇರುತ್ತದೆ, ಕಂಪನಿಯ ಸೈಟಿನಲ್ಲಿ ಅದನ್ನೇ ಹಾಕಿ ಆಡಿಯೋ ಡ್ರೈವರ್ ಇಳಿಸಿಕೊಳ್ಳಿ. ಬೇರೆ ಸೈಟಿನ ಡ್ರೈವರ್ ಪ್ಯಾಕ್ ಬೇಡವೇ ಬೇಡ.

ಇಷ್ಟಾದರೂ ಸಾಲದಿದ್ದರೆ ಈಗ ಬಾಸ್, ಅಂದರೆ ಕೆಳಗಿನ ದಪ್ಪ ಸ್ವರಗಳ ವಿಷಯ. ಲ್ಯಾಪ್‌ಟಾಪ್ ಸ್ಪೀಕರ್ ಸಾಮಾನ್ಯವಾಗಿ ಒಂದೆರಡು ವ್ಯಾಟಿನದು. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ಪವರ್. ಅಷ್ಟು ಎಲ್ಲಿಂದ ತರುತ್ತೀರಿ? ಅದಿರಲಿ, ಇರುವ ಪವರಿನಲ್ಲೂ ದೊಡ್ಡ ಪಾಲನ್ನು ತಿನ್ನುವುದು ಕೆಳಗಿನ ಸ್ವರಗಳು. 200 ಹರ್ಟ್ಸ್‌ಗಿಂತ ಕೆಳಗಿನದನ್ನು ಸ್ಪೀಕರಿನೊಳಗೆ ನಡುಗುವ ಆ ಪುಟ್ಟ ಕೋನ್ ಸರಿಯಾಗಿ ನುಡಿಸುವುದೇ ಇಲ್ಲ, ಸುಮ್ನೆ ನಡುಗುತ್ತದೆ, ಬಿಸಿಯಾಗುತ್ತದೆ. ಆ ಭಾಗವನ್ನು ಕತ್ತರಿಸಿಬಿಟ್ಟರೆ ಮಿಕ್ಕಿದ್ದನ್ನು ಏರಿಸಲು ಜಾಗ ಸಿಗುತ್ತದೆ. ಜನ ಮಾಡುವುದು ಉಲ್ಟಾ: ಬಾಸ್ ಬೂಸ್ಟ್ ಆನ್ ಮಾಡಿ, ಸದ್ದು ಒಡೆಯುತ್ತದೆ ಅಂತ ಬೈಯುತ್ತಾರೆ.

ವಿಂಡೋಸಿನಲ್ಲಿ ಇದಕ್ಕೆ ಈಕ್ವಲೈಸರ್ ಎಪಿಒ ಎಂಬ ಉಚಿತ ತಂತ್ರಾಂಶ ಇದೆ, ಅದರ ಮೇಲೆ ಪೀಸ್ (Peace) ಎಂಬ ಇನ್ನೊಂದು ತಂತ್ರಾಂಶ ಹಾಕಿಕೊಂಡರೆ ಸ್ಲೈಡರ್‌ಗಳು ಸಿಗುತ್ತವೆ. ಹಾಕುವಾಗ ಯಾವ ಡಿವೈಸ್ ಅಂತ ಕೇಳುತ್ತದೆ, ಸ್ಪೀಕರ್ಸ್ ಆರಿಸಿ, ರೀಸ್ಟಾರ್ಟ್ ಮಾಡಿ. 150ರಿಂದ 200 ಹರ್ಟ್ಸ್ ಕೆಳಗಿನದನ್ನು ಪೂರ್ತಿ ಇಳಿಸಿ. ಮಾತು ಸ್ಪಷ್ಟವಾಗುವುದು 2,000ದಿಂದ 4,000 ಹರ್ಟ್ಸ್ ನಡುವೆ, ಅಲ್ಲಿ 3 ಅಥವಾ 4 ಡೆಸಿಬಲ್ ಏರಿಸಿ, ಏರಿಸಿದಷ್ಟೇ ಪ್ರೀಆಂಪನ್ನು, ಅಂದರೆ ಒಟ್ಟು ಸದ್ದಿನ ಮಟ್ಟವನ್ನು, ಮೈನಸ್ ಮಾಡಿ. ಆಮೇಲೆ ಸದ್ದು ಒಡೆಯದಿದ್ದರೆ ಪ್ರೀಆಂಪ್ ಒಂದೊಂದೇ ಡೆಸಿಬಲ್ ಮೇಲೆ ತನ್ನಿ. ಭಾಗವತರ ಸಾಹಿತ್ಯ ಬಿಡಿಬಿಡಿಯಾಗಿ ಕೇಳಲು ಶುರುವಾಗುತ್ತದೆ. ಚಂಡೆ ಕಿವಿ ಕೊರೆದರೆ ಏರಿಸಿದ್ದನ್ನು ಅರ್ಧ ಮಾಡಿ. ಮದ್ದಲೆಯ ಗುಮ್ಮು ಮಾತ್ರ ಸಿಗುವುದಿಲ್ಲ, ಅದು ಈ ಸ್ಪೀಕರಿನಲ್ಲಿ ಮೊದಲೂ ಇರಲಿಲ್ಲ ಬಿಡಿ.

ಲಿನಕ್ಸ್ ಇದ್ದವರಿಗೆ ಈಸಿಎಫೆಕ್ಟ್ಸ್ ಇದೇ ಕೆಲಸ ಮಾಡುತ್ತದೆ. ಅದಕ್ಕೂ ಮೊದಲು ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (alsamixer) ತೆಗೆದು ಸ್ಪೀಕರ್, ಪಿಸಿಎಂ ಎಂಬ ಎರಡೂ ಪಟ್ಟಿ ಪೂರ್ತಿ ಮೇಲಿವೆಯಾ ನೋಡಿ. ವಿಎಲ್‌ಸಿಯಲ್ಲಿ ವಾಲ್ಯೂಮ್ 125%ವರೆಗೆ ಹೋಗುತ್ತದೆ. ಸಣ್ಣಗೆ ರೆಕಾರ್ಡ್ ಆದ ಫೈಲಿಗೆ ಅದು ಸರಿ, ಮೊದಲೇ ಜೋರಿರುವುದಕ್ಕೆ ಬಳಸಿದರೆ ಅಲೆಯ ತಲೆ ಕತ್ತರಿಸಿ ಕರಕರ ಅನ್ನುತ್ತದೆ. ಅದರ ಎಫೆಕ್ಟ್ಸ್‌ನಲ್ಲಿರುವ ಕಂಪ್ರೆಸರ್ ಇನ್ನೂ ಒಳ್ಳೆಯದು, ಅದು ಸಣ್ಣ ದೊಡ್ಡ ಸದ್ದಿನ ಅಂತರ ತಗ್ಗಿಸುತ್ತದೆ. ಬ್ರೌಸರಿನ ಬೂಸ್ಟರ್ ಎಕ್ಸ್‌ಟೆನ್ಶನ್‌ಗಳು ಎಷ್ಟೋ ಸಲ ನೀವು ತೆರೆಯುವ ಎಲ್ಲ ಪುಟ ಓದುವ ಅನುಮತಿ ಕೇಳುತ್ತವೆ. ಸದ್ದಿಗಾಗಿ ಅದನ್ನು ಕೊಡಬೇಕಾ?

ಒಂದು ಕಾಲದಲ್ಲಿ ಚೆನ್ನಾಗಿದ್ದು ವರ್ಷ ಕಳೆದಂತೆ ತಗ್ಗಿದ್ದರೆ ನಮ್ಮ ಹವೆಯನ್ನೇ ಅನುಮಾನಿಸಿ. ಅಂಕೋಲಾ, ಕುಮಟಾ, ಹೊನ್ನಾವರದ ಸಮುದ್ರದಂಚಿನಲ್ಲಿ ಉಪ್ಪುಗಾಳಿ ಜಾಲರಿಗೆ, ಕನೆಕ್ಟರಿಗೆ ತುಕ್ಕು ಹಿಡಿಸುತ್ತದೆ. ಘಟ್ಟದ ಮೇಲೆ ಉಪ್ಪಿಲ್ಲ, ಬೂಷ್ಟು ಇದೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಜಾಲರಿ ಕೆಳಮುಖವಾಗಿರುವ ಹಾಗೆ ಹಿಡಿದು, ಒಣಗಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ. ನೀರು ಬೇಡ, ಸೂಜಿ ಚುಚ್ಚುವುದಂತೂ ಬೇಡ, ಒಳಗೆ ಪೊರೆ ತೆಳ್ಳಗಿರುತ್ತದೆ. ಬಳಸದಿದ್ದಾಗ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಚೀಲದಲ್ಲಿಡಿ.

ಕಡಿಮೆ ವಾಲ್ಯೂಮಿನಲ್ಲೂ ಗರಗರ ಅಂದರೆ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಒಂದು ಹಾಡು ಹಾಕಿ ನೋಡಿ, ತಪ್ಪು ವಿಂಡೋಸಿನದಾ ಅಂತ ಗೊತ್ತಾಗುತ್ತದೆ. ಅಲ್ಲೂ ಹಾಗೇ ಇದ್ದರೆ ಹೆಚ್ಚಾಗಿ ಸ್ಪೀಕರೇ ಹೋಗಿರುತ್ತದೆ. ಬದಲಿಸಬಹುದು, ಸಾಮಾನ್ಯವಾಗಿ ಎಡ ಬಲ ಜೋಡಿಯಾಗಿಯೇ ಸಿಗುತ್ತದೆ, ಮಾಡೆಲ್ ನಂಬರ್ ಹೊಂದಬೇಕು ಅಷ್ಟೇ. ಹಳೇ ಯಂತ್ರವಾದರೆ ಹೊರಗಿನ ಸ್ಪೀಕರ್ ಒಂದನ್ನು ತಗೊಳ್ಳಿ, ವೈರ್ ಇರುವುದನ್ನೇ ನೋಡಿ. ಬ್ಲೂಟೂತಿನದರಲ್ಲಿ ಸದ್ದು ಸ್ವಲ್ಪ ತಡವಾಗಿ ಬರಬಹುದು. ಹಾಡಿಗೆ ತೊಂದರೆ ಇಲ್ಲ, ಆದರೆ ಆಟ ನೋಡುವಾಗ ವೇಷದ ಹೆಜ್ಜೆ ಒಂದು ಕಡೆ, ಚಂಡೆ ಪೆಟ್ಟು ಇನ್ನೊಂದು ಕಡೆ ಆದರೆ ನೋಡಲಿಕ್ಕಾಗುತ್ತದಾ?