ಗಿಳಿಗೆ ಪೊಟರೆ ಕೊರೆದುಕೊಟ್ಟಿದ್ದು ಕುಟ್ರುಹಕ್ಕಿ

ಕಳೆದ ಮಾರ್ಚ್ ಕೊನೆಯ ವಾರ ನಮ್ಮ ಕಾಫಿ ತೋಟದ ಒಂದು ಮೋಟು ಹಾಲವಾಣ ಮರದಿಂದ ನೀಲಿ ರೆಕ್ಕೆಯ ಗಿಳಿಯ ಮೂರು ಮರಿಗಳು ಹಾರಿದವು. ಇದಕ್ಕೆ ನನಗೆ ಏಳು ವರ್ಷ ಹಿಡಿಯಿತು. "ಅದು ಕಾಡಿನ ಗಿಳಿ, ತೋಟಕ್ಕೆ ಹಣ್ಣು ತಿನ್ನೋಕೆ ಬರುತ್ತೆ, ಗೂಡು ಮಾಡಲ್ಲ ಬಿಡಿ ಅಣ್ಣ" ಅಂತ ಹೇಳದವರೇ ಇಲ್ಲ. ನಮ್ಮ ಸಕಲೇಶಪುರದ ಕಡೆ ತೋಟ ಮಾಡಿಕೊಂಡು ಹಕ್ಕಿ ನೋಡುವ ಗೆಳೆಯರು ಹತ್ತಾರು ಜನ ಇದ್ದೇವೆ. ಅವರಲ್ಲಿ ಇದನ್ನು ಮೊದಲು ಮಾಡಿದ್ದು ನಾನೇ ಅಂತ ಹೇಳಿಕೊಳ್ಳಲು ಖುಷಿಯಿದೆ.

ಈ ಗಿಳಿ ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಗೂಡಿಗೆ ಹಳೇ ನಾಗಸಂಪಿಗೆಯಂಥ ಎತ್ತರದ ಮರದಲ್ಲಿ ಮರಕುಟಿಗವೋ ಅದರಂತೆ ಮರ ಕೊರೆಯುವ ಕುಟ್ರುಹಕ್ಕಿಯೋ ಬಿಟ್ಟುಹೋದ ಪೊಟರೆ ಬೇಕು. ತೋಟಗಳಲ್ಲಿ ಈಗ ಅಂಥ ಮರ ಎಷ್ಟು ಉಳಿದಿವೆ? ಒಂದು ಮರ ಒಣಗಿದರೆ ಅದೇ ವಾರ ಸೌದೆಗೆ ಹೋಗುತ್ತದೆ. ಕಾಡು ಕಡಿಮೆಯಾದ ಜಾಗಕ್ಕೆ ಊರ ಗಿಳಿ, ಕೆಂದಲೆ ಗಿಳಿ ಬಂದು ಸೇರಿಕೊಳ್ಳುತ್ತವೆ. ಇದ್ದ ಪೊಟರೆಗೂ ಪೈಪೋಟಿ.

ನಾನು ಶುರು ಮಾಡಿದ್ದು ಪೆಟ್ಟಿಗೆಯಿಂದ. ಮಾರಿಷಸ್‌ನ ಎಕೋ ಗಿಳಿಯ ವಿಷಯ ಓದಿದ್ದೆ. 1980ರ ದಶಕದಲ್ಲಿ ಬೆರಳೆಣಿಕೆಗೆ ಇಳಿದಿದ್ದ ಹಕ್ಕಿ ಈಗ ನೂರಾರು ಆಗಿದೆ, ಅದರಲ್ಲಿ ಗೂಡುಪೆಟ್ಟಿಗೆಯ ಪಾತ್ರ ದೊಡ್ಡದು. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು ಅನ್ನಿಸಿತು. ಹಲಸಿನ ಹಲಗೆಯಲ್ಲಿ ಹನ್ನೆರಡು ಪೆಟ್ಟಿಗೆ ಮಾಡಿಸಿದೆ. ಒಂದಕ್ಕೆ ಸುಮಾರು ಒಂಬೈನೂರು ಬಿತ್ತು. ಮರಗಸಿ ಮಾಡುವ, ಅಂದರೆ ನೆರಳುಮರದ ಕೊಂಬೆ ಸವರುವ ಹುಡುಗರನ್ನು ಹತ್ತಿಸಿ ಕಟ್ಟಿಸಿದ ಕೂಲಿ ಸೇರಿ ಹದಿನೆಂಟು ಸಾವಿರ ಆಗಿರಬೇಕು. ಮೂರು ವರ್ಷ ಕಾದೆ. ಒಂದು ಗಿಳಿಯೂ ಇಣುಕಲಿಲ್ಲ. ನಾಲ್ಕು ಪೆಟ್ಟಿಗೆಗೆ ತುಡುವೆ ಜೇನು ಕೂತಿತು, ಒಂದಕ್ಕೆ ಕಾಡುಮೈನಾ ಬಂತು, ಉಳಿದವು ಮಳೆಗೆ ಬೂಸ್ಟು ಹಿಡಿದವು. ಆ ತುಡುವೆಗಳನ್ನು ಜೇನುಪೆಟ್ಟಿಗೆಗೆ ಇಳಿಸಿ ನೋಡಿದೆ. ಎರಡು ಓಡಿಹೋದವು, ಎರಡು ನಿಂತವು. ಮನೆಗೆ ಸಾಕಾಗುವಷ್ಟು ಜೇನುತುಪ್ಪ ಈಗಲೂ ಅವುಗಳಿಂದಲೇ. ಆ ದುಡ್ಡಿನಲ್ಲಿ ಕೈಗೆ ಬಂದಿದ್ದು ಅಷ್ಟೇ.

ಆಮೇಲೆ ಉಳಿಯಲ್ಲಿ ಮರಕ್ಕೇ ತೂತು ಕೊರೆಸಿದೆ. ಅದು ಇನ್ನೂ ದೊಡ್ಡ ತಪ್ಪು. ನಮ್ಮಲ್ಲಿ ಮಳೆ ನೂರು ಇಂಚಿನ ಮೇಲೆ. ತೂತಿಗೆ ನೀರು ತುಂಬಿ ಕೊಳೆತು, ಎರಡನೇ ಮಳೆಗಾಲದಲ್ಲಿ ಒಂದು ಮರ ರೊಬಸ್ಟಾ ಕಾಫಿ ಸಾಲಿನ ಮೇಲೇ ಉರುಳಿತು. ಹತ್ತು ಹನ್ನೆರಡು ಗಿಡ ಮುರಿದವು.

ಬುದ್ಧಿ ಬಂದಿದ್ದು ಸಣ್ಣ ಕುಟ್ರುಹಕ್ಕಿಯನ್ನು ನೋಡಿ. ಅದು ಗೂಡು ಕೊರೆಯುವುದು ಒಣಗಿ ಮೆತ್ತಗಾದ ಕೊಂಬೆಯಲ್ಲಿ. ಬಾಗಿದ ಕೊಂಬೆಯಾದರೆ ಕೆಳಮುಖದಲ್ಲೇ ಬಾಯಿ ತೆಗೆಯುತ್ತದೆ, ಮಳೆನೀರು ಒಳಗೆ ಬರುವುದಿಲ್ಲ. ನಾನು ಉಳಿಯಲ್ಲಿ ಮಾಡಲಾಗದ್ದನ್ನು ಅದು ಕೊಕ್ಕಿನಲ್ಲಿ ಮಾಡುತ್ತದೆ. ಸರಿ, ಕೊರೆಯುವ ಕೆಲಸ ಅದಕ್ಕೇ ಬಿಡೋಣ ಅಂದುಕೊಂಡೆ. ತೋಟದ ಮೇಲಂಚಿನಲ್ಲಿ, ಕಾಡಿಗೆ ಹತ್ತಿಕೊಂಡಂತೆ, ಐದು ಹಾಲವಾಣ ಆರಿಸಿದೆ. ಕರೆಂಟ್ ಲೈನ್ ಹತ್ತಿರದ್ದು, ದಾರಿ ಪಕ್ಕದ್ದು ಬೇಡ. ಬುಡದಲ್ಲಿ ಸುತ್ತ ತೊಗಟೆ ಕೆತ್ತಿ ಒಣಗಿಸಿ, ಮೂವತ್ತಡಿ ಎತ್ತರಕ್ಕೆ ತಲೆ ಕಡಿಸಿದೆ. ಒಂದೆರಡು ದಪ್ಪ ಮೋಟುಕೊಂಬೆ ಬಿಟ್ಟೆ. ಯಾವ ತಿಂಗಳಲ್ಲಿ ಕಡಿಯಬೇಕು, ಕಡಿದ ಬಾಯಿಗೆ ಏನು ಹಚ್ಚಿದರೆ ಬೇಗ ಮೆತ್ತಗಾಗುತ್ತದೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ. ಇನ್ನೆರಡು ಸೀಸನ್ ನೋಡಿ ಖಾತ್ರಿಯಾದ ಮೇಲೆ ಹೇಳುತ್ತೇನೆ.

ನಷ್ಟ ಇಲ್ಲದೆ ಆಗಲಿಲ್ಲ. ಐದೂ ಮರದ ಮೇಲೆ ಮೆಣಸಿನ ಬಳ್ಳಿ ಇತ್ತು. ವರ್ಷಕ್ಕೆ ಏಳೆಂಟು ಕೆ.ಜಿ. ಒಣಮೆಣಸು ಹೋಯಿತು. ನೆರಳು ಹೋದ ಜಾಗದಲ್ಲಿ ಒಂದಷ್ಟು ಕಾಫಿ ಗಿಡ ಸುಟ್ಟವು. ಮನೆಯಲ್ಲಿ ಮಾತು ಬಂತು, ಬರುವುದು ಸಹಜ ಅಲ್ವಾ?

ಎರಡನೇ ವರ್ಷ ಕುಟ್ರು ಎರಡು ಮೋಟಿನಲ್ಲಿ ಕೊರೆಯಿತು. ಮರಿ ಮಾಡಿ ಹೋಯಿತು. ಮುಂದಿನ ಡಿಸೆಂಬರಿನಲ್ಲಿ ಒಂದು ಮೋಟಿನ ಬುಡದಲ್ಲಿ ಹೊಸ ಮರದ ಚೂರು ಬಿದ್ದಿದ್ದವು. ಮೇಲೆ ನೋಡಿದರೆ ಕಪ್ಪು ಕೊಕ್ಕಿನ ಹೆಣ್ಣು ಗಿಳಿ ಪೊಟರೆಯ ಬಾಯಿ ಕಡಿದು ಅಗಲ ಮಾಡುತ್ತಿತ್ತು! ಕೆಂಪು ಕೊಕ್ಕಿನ ಗಂಡು ಪಕ್ಕದ ಸಿಲ್ವರ್ ಓಕಿನಲ್ಲಿ ಕೂತಿತ್ತು. ನಾನು ಅಲ್ಲೇ ಕೂತುಬಿಟ್ಟೆ. ಕಣ್ಣು ತುಂಬಿತು.

ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಎರಡು ಗಂಟೆ, ಎಂಬತ್ತಡಿ ದೂರದಿಂದ ದುರ್ಬೀನು ಹಿಡಿದು ನೋಡಿದೆ. ಏಣಿ ಹಾಕಲಿಲ್ಲ. ಮೊಟ್ಟೆ ಎಣಿಸುವ ಆಸೆಗೆ ಗೂಡು ಕೆಡಿಸುವುದು ಬೇಡ. ಜನವರಿ ನಡುವಿನಲ್ಲಿ ಹೆಣ್ಣು ಒಳಗೆ ಕೂತಿತು. ಗಂಡು ಬಂದು ಪೊಟರೆಯ ಬಾಯಲ್ಲೇ ಉಣಿಸುತ್ತಿತ್ತು. ಇನ್ನೊಂದು ಹೆಣ್ಣು ಹತ್ತಿರ ಬಂದರೆ ಇದು ಹೊರಗೆ ನುಗ್ಗಿ ಓಡಿಸುತ್ತಿತ್ತು. ಕಾವು 23 ದಿನ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಇಪ್ಪತ್ತೈದರ ಹೊತ್ತಿಗೆ ಹೆಣ್ಣು ಹೊರಗೆ ಹೋಗಿಬಂದು ಮಾಡತೊಡಗಿತು. ಮರಿಗೆ ಉಣಿಸುವುದು ಹೆಚ್ಚಾಗಿ ಅದೇ, ಗಂಡಿನದು ಸ್ವಲ್ಪ. ಉಳಿದ ಹಾಲವಾಣಗಳು ಆಗ ಕೆಂಪಗೆ ಹೂ ಬಿಟ್ಟಿದ್ದವು. ಎರಡೂ ಅಲ್ಲಿಗೆ ಹೋಗಿ ಮಕರಂದ ಹೀರುತ್ತಿದ್ದವು. ಅದಕ್ಕೇ ಹೇಳುವುದು, ಎಲ್ಲ ಹಾಲವಾಣವನ್ನೂ ಒಣಗಿಸಬೇಡಿ.

ಒಂದು ಉಡ ಎರಡು ಸಲ ಮರ ಹತ್ತಲು ನೋಡಿತು. ಹಳೇ ಜಿಂಕ್ ಶೀಟನ್ನು ಮೂರಡಿ ಅಗಲಕ್ಕೆ ಬುಡಕ್ಕೆ ಸುತ್ತಿದೆ, ಮತ್ತೆ ಬರಲಿಲ್ಲ. ಖರ್ಚು ಇನ್ನೂರು ರೂಪಾಯಿ. ಇಷ್ಟೂ ವರ್ಷದಲ್ಲಿ ಸಾರ್ಥಕವಾದ ಖರ್ಚು ಅಂದರೆ ಇದೇ.

ನೋಡಲು ಬರುತ್ತೇವೆ ಅಂತ ಬಹಳ ಜನ ಕೇಳುತ್ತಿದ್ದಾರೆ. ಬೇಸರ ಮಾಡಿಕೊಳ್ಳಬೇಡಿ, ಜಾಗ ತೋರಿಸುವುದಿಲ್ಲ. ಗಿಳಿಮರಿ ಹಿಡಿಯುವುದು, ಸಾಕುವುದು, ಮಾರುವುದು ಕಾನೂನಿನಲ್ಲಿ ಅಪರಾಧ. ಆದರೂ ಕದಿಯುವವರು ಇದ್ದಾರೆ. ಮರಿ ಹಾರುವವರೆಗೆ ನಮ್ಮ ಲೈನ್ ಮನೆಯ ಕೆಲಸದವರಿಗೂ ಹೇಳಿರಲಿಲ್ಲ.

ಆ ಮೋಟು ಇನ್ನೆರಡು ಮಳೆಗಾಲ ನಿಂತರೆ ಹೆಚ್ಚು. ಈಗಾಗಲೇ ಬುಡದಲ್ಲಿ ಅಣಬೆ ಎದ್ದಿದೆ. ಹತ್ತು ಮಾರು ದೂರದಲ್ಲಿ ಇನ್ನೆರಡು ಮರಕ್ಕೆ ಈ ಸಲ ತೊಗಟೆ ಕೆತ್ತಿಸಿದ್ದೇನೆ. ಒಂದರ ಮೇಲೆ ನಿನ್ನೆ ಕುಟ್ರು ಕುಟ್ಟಿ ನೋಡುತ್ತಿತ್ತು.