ಟ್ರೇಲರ್ ಟಯರಿನ ಗ್ರಿಪ್ ನೋಡಿ ಮೋಸ ಹೋಗ್ಬೇಡಿ

ಬೊಲೆರೊ ಹಿಂದೆ ಸಿಕ್ಕಿಸಿಕೊಂಡು ಹೋಗುವ ಸಣ್ಣ ಕ್ಯಾಂಪಿಂಗ್ ಟ್ರೇಲರ್ ಒಂದು ನಮ್ಮಲ್ಲಿ ಉಂಟು, ಇಬ್ಬರು ಮಲಗುವಷ್ಟು ಜಾಗ, ಹಿಂದಿನ ಬಾಗಿಲು ಎತ್ತಿದ್ರೆ ಅಡುಗೆ ಕಟ್ಟೆ. ಒಂದು ಮೇ ತಿಂಗಳಲ್ಲಿ ಮುಳ್ಳೇರಿಯದಿಂದ ಹೊರಟು ಜಾಲ್ಸೂರು, ಸುಳ್ಯ ದಾಟಿ ಮಡಿಕೇರಿಗೆ ಹೋಗುವಾಗ ಅರಂತೋಡು ಹತ್ರ ಬೈಕಿನವನೊಬ್ಬ ಹಾರ್ನ್ ಹಾಕಿ ಹಾಕಿ ಪಕ್ಕಕ್ಕೆ ಬಂದು ಕೈ ತೋರಿಸಿದ ಮೇಲೆಯೇ ನಮಗೆ ಗೊತ್ತಾದ್ದು, ಟ್ರೇಲರಿನ ಎಡಗಡೆ ಟಯರು ಒಡೆದಿದೆ ಅಂತ. ಸ್ಟೇರಿಂಗಿನಲ್ಲಿ ಎಂತದೂ ಗೊತ್ತಾಗ್ಲಿಲ್ಲ. ಇಳಿದು ನೋಡಿದ್ರೆ ರಿಮ್ಮಿನ ಸುತ್ತ ನೂಲು, ತಂತಿ ಜೋತಾಡ್ತಾ ಉಂಟು, ಮಡ್‌ಗಾರ್ಡ್ ಹರಿದು ಒಳಗೆ ಮಡಚಿ ಗ್ಯಾಸ್ ಪೈಪಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿದೆ. ಭಾವ ಇನ್ನೊಂದು ಬದಿಯ ಟಯರು ನೋಡಿ "ಇದರ ಗ್ರಿಪ್ ಹೊಸತರ ಹಾಗೇ ಉಂಟಲ್ಲ ಮಾರಾಯ" ಅಂದ.

ಮೋಸ ಇರುದೇ ಅಲ್ಲಿ. ಕಾರಿನ ಟಯರು ಓಡಿ ಓಡಿ ಸವೆದು ಹೋಗ್ತದೆ, ಟ್ರೇಲರಿಂದು ವರ್ಷದಲ್ಲಿ ಹತ್ತು ತಿಂಗಳು ಶೆಡ್ಡಿನಲ್ಲಿ ನಿಂತೇ ಮುದಿಯಾಗ್ತದೆ. ರಬ್ಬರು ಒಣಗಿ ಬಿರುಕು ಬೀಳದ ಹಾಗೆ ಕಂಪನಿಯವರು ಅದರೊಳಗೆ ಮೇಣದಂತದ್ದು ಸೇರಿಸಿರ್ತಾರೆ, ಆದ್ರೆ ಟಯರು ತಿರುಗಿ ಬಗ್ಗಿ ಎದ್ದರೆ ಮಾತ್ರ ಅದು ಸರಿಯಾಗಿ ಮೇಲೆ ಬರುದು, ನಿಂತಲ್ಲೇ ನಿಂತ್ರೆ ಬಿಸಿಲು ಮತ್ತು ಗಾಳಿಯ ಓಝೋನ್ ರಬ್ಬರನ್ನು ತಿಂತಾ ಹೋಗ್ತದೆ. ಹಾಗಾಗಿ ಮೊದಲು ನೋಡ್ಬೇಕಾದ್ದು ಗ್ರಿಪ್ ಅಲ್ಲ, ಟಯರು ತಯಾರಾದ ಡೇಟು.

ಟಯರಿನ ಬದಿಯಲ್ಲಿ ಡಿಒಟಿ (DOT) ಅಂತ ಇಂಗ್ಲಿಷ್ ಅಕ್ಷರ ಇದ್ರೆ ಆ ಸಾಲಿನ ಕೊನೆಗೆ, ಇಲ್ಲದಿದ್ರೆ ಬೇರೆಯಾಗಿ ನಾಲ್ಕು ಅಂಕೆ ಇರ್ತದೆ. 2319 ಅಂತ ಇದ್ರೆ 2019ರ 23ನೇ ವಾರದ್ದು. ಇದು ಒಂದೇ ಬದಿಯಲ್ಲಿ ಇರುದುಂಟು, ಅದೂ ನಿಮ್ಮ ಗ್ರಹಚಾರಕ್ಕೆ ಒಳಗಿನ ಬದಿಯಲ್ಲೇ, ಗೋಣಿ ಹಾಸಿ ಮಲಗಿ ಮೊಬೈಲ್ ಟಾರ್ಚ್ ಹಾಕಿಯೇ ಓದ್ಬೇಕು. ನಮ್ಮದು 0815. ಟ್ರೇಲರ್ ಮಾಡಿಸಿದ್ದು 2019ರಲ್ಲಿ, ವೆಲ್ಡಿಂಗ್ ಶಾಪಿನವರು ಹಾಕಿ ಕೊಟ್ಟದ್ದು ಯಾವುದೋ ಕಾರಿಂದ ಬಿಚ್ಚಿದ ಟಯರು, ಕರಿ ಪಾಲಿಶ್ ಹೊಡೆದು. ನಾವು ಕೇಳ್ಲೂ ಇಲ್ಲ. ನನ್ನ ಲೆಕ್ಕದಲ್ಲಿ ಐದು ವರ್ಷ ಆದ್ರೆ ಸಂಶಯ, ಆರಕ್ಕೆ ತೆಗೆದು ಬಿಸಾಡುದು. ಡೇಟ್ ಸರಿ ಇದ್ರೂ ಸೈಡನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿ, ಕೂದಲೆಳೆಯಂತ ಬಿರುಕು ಬಾಯಿ ಬಿಡ್ತದಾ ಅಂತ, ಅಂಗೈ ಆಡಿಸಿ ಎಲ್ಲಿಯಾದ್ರೂ ಗುಳ್ಳೆ ಸಿಗ್ತದಾ ಅಂತ. ಗುಳ್ಳೆ ಸಿಕ್ಕಿದ್ರೆ ಆ ಟಯರಿನಲ್ಲಿ ಪಂಕ್ಚರ್ ಅಂಗಡಿವರೆಗೂ ಹೋಗ್ಬೇಡಿ. ರೀಸೋಲ್ ಟಯರು, ಅಂದ್ರೆ ಸವೆದದ್ದಕ್ಕೆ ಮೇಲಿಂದ ಹೊಸ ಗ್ರಿಪ್ ಅಂಟಿಸಿದ್ದು, ಟ್ರೇಲರಿಗೆ ಬೇಡವೇ ಬೇಡ, ಇದು ನನ್ನ ಹಠ ಅಂತಲೇ ಇಟ್ಕೊಳ್ಳಿ.

ಇನ್ನು ಭಾರ. ನಮ್ಮ ಟಯರಿನ ಬದಿಯಲ್ಲಿ ಬರೆದದ್ದು 155/80 ಆರ್ 13 79 ಟಿ. ಇದರಲ್ಲಿ 79 ಅಂದ್ರೆ ಲೋಡ್ ಇಂಡೆಕ್ಸ್, ಒಂದು ಟಯರು 437 ಕಿಲೋ ಹೊರ್ತದೆ ಅಂತ ಅರ್ಥ, ಅದೂ ಗಾಳಿ ಪೂರ್ತಿ ಇದ್ರೆ. ಅಮೆರಿಕದ ನಿಯಮದಲ್ಲಿ ಕಾರಿನ ಟಯರನ್ನು ಟ್ರೇಲರಿಗೆ ಹಾಕಿದ್ರೆ ಆ ಲೆಕ್ಕವನ್ನು 1.1ರಿಂದ ಭಾಗಿಸ್ಬೇಕು, ಅಂದ್ರೆ ನಮ್ಮದು 397ಕ್ಕೆ ಇಳೀತು. ಟಯರು ಒಡೆದ ಮೇಲೆ ಬುದ್ಧಿ ಬಂದು ಕಲ್ಲಿನ ಲಾರಿ ತೂಗುವ ವೇ ಬ್ರಿಜ್ಜಿಗೆ ತಗೊಂಡು ಹೋದೆ, ನೀರಿನ ಟ್ಯಾಂಕ್, ಬ್ಯಾಟರಿ, ಸಿಲಿಂಡರ್, ಪಾತ್ರೆ ಪಗಡಿ ಎಲ್ಲ ಹಾಕಿಯೇ. ಬೊಲೆರೊ ಕೆಳಗೆ, ಟ್ರೇಲರಿನ ಎರಡು ಚಕ್ರ ಮಾತ್ರ ಮೇಲೆ, ಬಂತು 790. ಸರಿ ಬಿಡಿ, ತಲಾ 395 ಅಂತ ಖುಷಿಯಾಯ್ತು. ವೇ ಬ್ರಿಜ್ಜಿನ ಹುಡುಗನೇ "ಒಂದು ಚಕ್ರ ಮಾತ್ರ ಹತ್ತಿಸಿ ನೋಡಿ ಅಣ್ಣ" ಅಂದ, ಎಡದ್ದು 430! ಬಲಕ್ಕೆ ಉಳಿದದ್ದು 360. 100 ಲೀಟರ್ ನೀರಿನ ಟ್ಯಾಂಕೂ ಬ್ಯಾಟರಿಯೂ ಎಡಗಡೆಯೇ ಇತ್ತಲ್ಲ. ಯಾವ ಟಯರು ಒಡೀತು ಅಂತ ಪುನಃ ಹೇಳ್ಬೇಕಾಗಿಲ್ಲ. ಈಗ ಬ್ಯಾಟರಿ ಬಲಕ್ಕೆ, ನೀರು ಹೋದಲ್ಲೇ ತುಂಬಿಸುದು.

ಅಮೆರಿಕದಲ್ಲಿ ಟ್ರೇಲರಿಗೇ ಅಂತ ಎಸ್‌ಟಿ ಅಂತ ಬರೆದ ಟಯರು ಸಿಗ್ತದೆ, ಸ್ಪೆಷಲ್ ಟ್ರೇಲರ್ ಅಂತ, ಸೈಡು ಗಟ್ಟಿ, ಲೋಡ್ ರೇಂಜ್, ಅಂದ್ರೆ ಗಟ್ಟಿತನದ ದರ್ಜೆ, ಸಿ ಆದ್ರೆ 50, ಡಿ 65, ಇ ಆದ್ರೆ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ. ನಮ್ಮ ಊರಿನ ಅಂಗಡಿಗಳಲ್ಲಿ ನಾನು ಅದನ್ನು ಕಂಡದ್ದಿಲ್ಲ. ನಾನು ಹಾಕಿಸಿದ್ದು ಸಣ್ಣ ಗೂಡ್ಸ್ ಗಾಡಿಗೆ ಬರುವ 155 ಆರ್ 13 ಎಲ್‌ಟಿ (ಲೈಟ್ ಟ್ರಕ್), 8 ಪಿಆರ್ (ಪ್ಲೈ ರೇಟಿಂಗ್, ಟಯರಿನ ಗಟ್ಟಿತನ), ಲೋಡ್ ಇಂಡೆಕ್ಸ್ 90/88. ಮೊದಲಿನ 90 ಒಂದು ಬದಿಗೆ ಒಂದೇ ಚಕ್ರ ಇದ್ದಾಗಿನದ್ದು, ಅಂದ್ರೆ 600 ಕಿಲೋ, ಎರಡನೆಯದು ಜೋಡಿ ಚಕ್ರಕ್ಕೆ, ಇದಕ್ಕೆ ಆ 1.1ರ ಭಾಗಾಕಾರ ಇಲ್ಲ. ಆದ್ರೆ ಗಟ್ಟಿ ಟಯರಿಗೆ ಗಾಳಿಯೂ ಜಾಸ್ತಿ, ಹಾಗಾಗಿ ರಿಮ್ ಅಷ್ಟು ತಡೀತದಾ ಕೇಳಿ, ಕಾರಿನ ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐಯವರೆಗೆ ಮಾತ್ರ, ಅದಕ್ಕಿಂತ ಮೇಲೆ ಹೋಗುದಾದ್ರೆ ಲೋಹದ ವಾಲ್ವ್ ಹಾಕಿಸಿ.

ಗಾಳಿ ನೋಡುದು ಬೆಳಿಗ್ಗೆ, ಗಾಡಿ ಕಡಿಮೆ ಅಂದ್ರೆ ಮೂರು ಗಂಟೆ ನಿಂತ ಮೇಲೆ, ಸ್ವಂತ ಗೇಜಿನಲ್ಲಿ. ಪಂಕ್ಚರ್ ಅಂಗಡಿಯ ಗೇಜುಗಳು ಒಂದೊಂದೂ ಒಂದೊಂದು ಭಾಷೆ ಮಾತಾಡ್ತವೆ, ಕಾಸರಗೋಡಿನವರ ಹಾಗೆ. ಓಡಿದ ಮೇಲೆ ಬಿಸಿಗೆ ಪ್ರೆಶರ್ ಏರ್ತದೆ, ಸುಮಾರು ಐದಾರು ಡಿಗ್ರಿಗೆ 1 ಪಿಎಸ್‌ಐ, ಜಾಸ್ತಿ ಆಯ್ತು ಅಂತ ದಾರಿಯಲ್ಲಿ ಗಾಳಿ ಬಿಡ್ಬೇಡಿ. ಗಾಳಿ ಕಡಿಮೆ ಇದ್ರೇ ಅಪಾಯ ಹೆಚ್ಚು, ಸೈಡು ಪ್ರತಿ ಸುತ್ತಿಗೂ ಬಗ್ಗಿ ಬಿಸಿಯೇರಿ ಒಳಗಿನ ತಂತಿಪಟ್ಟಿಯಿಂದ ರಬ್ಬರು ಬಿಟ್ಟುಕೊಳ್ತದೆ. ಚಹಾಕ್ಕೆ ನಿಲ್ಲಿಸಿದಾಗೆಲ್ಲ ಅಂಗೈ ಹಿಂಬದಿಯನ್ನು ಟಯರಿನ ಹತ್ರ, ಆಮೇಲೆ ಹಬ್ಬಿನ (ಚಕ್ರದ ನಡುಭಾಗದ) ಹತ್ರ ಹಿಡಿದು ನೋಡಿ. ಒಂದು ಟಯರು ಮಾತ್ರ ಬಿಸಿ ಇದ್ರೆ ಗಾಳಿ ಅಥವಾ ಭಾರ, ಹಬ್ ಸುಡ್ತಾ ಇದ್ರೆ ಬೇರಿಂಗ್ ಗ್ರೀಸ್. (ಕೊರೊನಾ ಕಾಲದಲ್ಲಿ ಹಣೆಗೆ ಹಿಡಿದ ಥರ್ಮಾಮೀಟರ್ ಇದಕ್ಕಾಗುದಿಲ್ಲ, ಅದು 43 ಡಿಗ್ರಿಗೇ ಕೈ ಎತ್ತುತ್ತದೆ, ನಾನು ಮಾಡಿ ನೋಡಿದ್ದೇನೆ.) ವಾಲ್ವಿಗೆ ಮುಚ್ಚಳದ ಹಾಗೆ ತಿರುಗಿಸಿ ಹಾಕುವ ಟಿಪಿಎಂಎಸ್ (ಟಯರಿನ ಗಾಳಿ ನೋಡ್ತಾ ಇರುವ) ಸೆನ್ಸಾರ್ ಸಿಗ್ತದೆ, ಗಾಳಿ ಇಳಿದ್ರೆ ಡ್ಯಾಶ್‌ಬೋರ್ಡಿನಲ್ಲಿ ಕೂಗ್ತದೆ, ಬೈಕಿನವನ ಹಾರ್ನ್ ಕಾಯುದು ತಪ್ಪಿತು. ಚಕ್ರ ಬಿಚ್ಚಿ ಹಾಕಿದ ಮೇಲೆ 80 ಕಿಲೋಮೀಟರ್ ಓಡಿಸಿ ನಟ್ ಪುನಃ ಟೈಟ್ ಮಾಡಿ, ಎದುರು ಬದುರು ನಟ್ ಹಿಡಿದು, ಸಾಲಾಗಿ ಅಲ್ಲ.

ಮಳೆಗಾಲಕ್ಕೆ ನಿಲ್ಲಿಸುವಾಗ ಆಕ್ಸಲಿನ ಎರಡೂ ತುದಿಗೆ ಮುರಕಲ್ಲು (ಕೆಂಪುಕಲ್ಲು) ಇಟ್ಟು ಮೇಲೊಂದು ದಪ್ಪ ಹಲಗೆ ಕೊಟ್ಟು ಭಾರ ಕಲ್ಲಿಗೆ ಬಿಡಿ, ಚಕ್ರಕ್ಕೆ ಬಿಸಿಲು ತಾಗದ ಹಾಗೆ ಹಳೇ ಗೋಣಿ ಸುತ್ತಿ. ಮಳೆ ಬಿಟ್ಟ ಮೇಲೆ ತಿಂಗಳಿಗೊಮ್ಮೆ ಪೇಟೆಗಾದ್ರೂ ಎಳ್ಕೊಂಡು ಹೋಗಿ ಬನ್ನಿ, ಆ ಮೇಣ ಮೇಲೆ ಬರ್ಲಿ.

ಮತ್ತೆ ಸ್ಟೆಪ್ನಿ. ಬೊಲೆರೊದ ಸ್ಟೆಪ್ನಿ ಟ್ರೇಲರಿಗೆ ಆಗುದಿಲ್ಲ, ಅದು 15 ಇಂಚು ಐದು ತೂತು, ಇದು 13 ಇಂಚು ನಾಲ್ಕು ತೂತು, ಹಾಗಾಗಿ ಟ್ರೇಲರಿಗೆ ಬೇರೆಯೇ ಒಂದು ಬೇಕು, ಅದರ ನಟ್ಟಿಗೆ ಸರಿಯಾಗುವ ಸ್ಪ್ಯಾನರೂ. ನಮ್ಮಲ್ಲಿ ಎರಡೂ ಇತ್ತು ಪುಣ್ಯಕ್ಕೆ. ಅರಂತೋಡಿನ ಬಿಸಿಲಲ್ಲಿ ಬೆವರು ಇಳಿಸ್ಕೊಂಡು ಹಾಕಿ ಮಡಿಕೇರಿಗೆ ಹೋಗಿ ಎರಡು ದಿನ ಸುತ್ತಿ ಮನೆಗೂ ಬಂದೆವು, ಆಮೇಲೆ ಭಾವ ಚಕ್ರದ ಅಡಿಗೆ ಟಾರ್ಚ್ ಹಾಕಿ ಸ್ಟೆಪ್ನಿಯ ಡೇಟ್ ಗಟ್ಟಿಯಾಗಿ ಓದಿದ, 0815.